ಪಂಪ್ ಬದಲಿಸಿದ ಮೇಲೂ ಇಂಜಿನ್ ಕಾಯುವುದೇಕೆ?

ಪ್ರಶ್ನೆ: ನಮ್ಮ ಹಳೆಯ ಪೆಟ್ರೋಲ್ ಕಾರಿನ ವಾಟರ್ ಪಂಪ್ ಸೋರುತ್ತಿತ್ತು. ನಾನೂ ತಮ್ಮನೂ ಸೇರಿ ಮನೆಯಂಗಳದಲ್ಲೇ ಪಂಪು, ಥರ್ಮೋಸ್ಟಾಟ್ ಎರಡನ್ನೂ ಬದಲಿಸಿ, ಬೋರಿನ ನೀರು ತುಂಬಿದೆವು. ಊರೊಳಗೆ ಓಡಿಸಿದಾಗ ಏನೂ ತೊಂದರೆಯಿರಲಿಲ್ಲ. ಮಡಕಶಿರಾದ ಅಕ್ಕನ ಮನೆಗೆ ಹೊರಟರೆ ಕಲ್ಯಾಣದುರ್ಗ ದಾಟುವಷ್ಟರಲ್ಲಿ ಮುಳ್ಳು ಕೆಂಪಿಗೇರಿತು. ನೀರೂ ಕಡಿಮೆಯಾಗುತ್ತಿದೆ, ಆದರೆ ನೆಲದ ಮೇಲೆ ಹನಿ ಕಾಣುವುದಿಲ್ಲ. ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಂಜಿನ್ ಬಿಚ್ಚಬೇಕು ಎನ್ನುತ್ತಾರೆ. ನಿಜವೇ?
– ಓದುಗರು, ರಾಯದುರ್ಗ

ಉತ್ತರ: ಇಂಜಿನ್ ಬಿಚ್ಚಲು ಈಗಲೇ ಒಪ್ಪಬೇಡಿ. ರಿಪೇರಿಗೆ ಮೊದಲು ಇಲ್ಲದ ತೊಂದರೆ ರಿಪೇರಿಯ ಮರುದಿನ ಬಂದಿದ್ದರೆ, ನಿಮ್ಮ ಕೈ ಎಲ್ಲೆಲ್ಲಿ ಆಡಿತೋ ಅಲ್ಲಿಂದಲೇ ಹುಡುಕಾಟ ಶುರುವಾಗಬೇಕು. ಹೆಡ್ ಗ್ಯಾಸ್ಕೆಟ್ ಸರದಿ ಕೊನೆಯದು. ಕಾರಣ ಸರಳ: ಮೊದಲಿನ ಪರೀಕ್ಷೆಗಳಿಗೆ ಹೆಚ್ಚು ದುಡ್ಡು ಬೇಕಿಲ್ಲ, ತಣ್ಣಗಿನ ಇಂಜಿನ್ ಮತ್ತು ಒಂದು ಟಾರ್ಚ್ ಸಾಕು.

ಮೊದಲ ಅನುಮಾನ ಗಾಳಿಯ ಮೇಲೆ. ತೆರೆದ ಬಾವಿಯ ಮೊನೊಬ್ಲಾಕ್ ಮೋಟಾರಿಗೆ ನೀರು ತುಂಬಿ ಗಾಳಿ ತೆಗೆಯದೆ ಸ್ವಿಚ್ ಒತ್ತಿದರೆ ಏನಾಗುತ್ತದೆಂದು ನಮ್ಮ ಕಡೆಯ ರೈತರಿಗೆಲ್ಲ ಗೊತ್ತು: ಮೋಟಾರು ತಿರುಗುತ್ತದೆ, ನೀರು ಬರುವುದಿಲ್ಲ. ಕಾರಿನ ಪಂಪೂ ಅದೇ ಜಾತಿಯದು. ಅದು ನೀರನ್ನು ತಳ್ಳಬಲ್ಲದು, ಗಾಳಿಯನ್ನು ತಳ್ಳಲಾರದು. ಪಂಪ್ ಬಿಚ್ಚಿದಾಗ ಇಂಜಿನ್ನಿನೊಳಗಿನ ದಾರಿಗಳೆಲ್ಲ ಬರಿದಾಗಿದ್ದವು. ಮೇಲಿಂದ ಗಡಿಬಿಡಿಯಲ್ಲಿ ಸುರಿದ ನೀರು ಗಾಳಿಯನ್ನು ಒಳಗೇ ಸಿಕ್ಕಿಸಿಟ್ಟಿರುತ್ತದೆ. ಆದ್ದರಿಂದ ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಗಾಡಿಯ ಮೂತಿ ಸ್ವಲ್ಪ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಹೀಟರನ್ನು ಪೂರ್ತಿ ಬಿಸಿಯ ಕಡೆಗೆ ತಿರುಗಿಸಿ. ಗಾಳಿ ಬಿಡುವ ಸ್ಕ್ರೂ ಇದ್ದರೆ ಸಡಿಲಿಸಿ, ಗುಳ್ಳೆಯಿಲ್ಲದ ನೀರು ಬರುವ ತನಕ ನಿಧಾನಕ್ಕೆ ತುಂಬಿ, ಮತ್ತೆ ಬಿಗಿ ಮಾಡಿ. ಮುಚ್ಚಳ ತೆರೆದಿಟ್ಟೇ ಇಂಜಿನ್ ಚಾಲೂ ಮಾಡಿ, ಮುಖ ಅದರ ಮೇಲೆ ಬಗ್ಗಿಸಬೇಡಿ. ಥರ್ಮೋಸ್ಟಾಟ್ ತೆರೆದ ಕ್ಷಣ ಮಟ್ಟ ಒಮ್ಮೆಲೇ ಕುಸಿಯುತ್ತದೆ. ಅಷ್ಟನ್ನು ತುಂಬಿ ಮುಚ್ಚಿ. ಆರಿದ ಮೇಲೆ ಮತ್ತೆ ಮಟ್ಟ ನೋಡಿ. ಹೀಗೆ ಎರಡು ಮೂರು ಸಲ ಮಾಡಬೇಕಾಗಬಹುದು.

ಎರಡನೆಯದು ಥರ್ಮೋಸ್ಟಾಟ್. ಸ್ಪ್ರಿಂಗ್ ಇರುವ ಬದಿ ಇಂಜಿನ್ನಿನ ಕಡೆಗಿರಬೇಕು, ಬಿಸಿ ತಾಗಬೇಕಾದದ್ದು ಆ ಬದಿಗೆ. ತಿರುಗುಮುರುಗಾಗಿ ಕೂರಿಸಿದರೆ ತಡವಾಗಿ ತೆರೆಯುತ್ತದೆ ಇಲ್ಲವೇ ತೆರೆಯುವುದೇ ಇಲ್ಲ. ಅಂಚಿನಲ್ಲಿ ಚಿಕ್ಕ ಅಲುಗಾಡುವ ಪಿನ್ ಇದ್ದರೆ ಅದು ಸಾಮಾನ್ಯವಾಗಿ ಮೇಲ್ಗಡೆ ಬರಬೇಕು, ಗಾಳಿ ಹೊರಹೋಗುವ ಕಿಂಡಿ ಅದೇ. ಅನುಮಾನವಿದ್ದರೆ ಬಿಚ್ಚಿ, ಪಾತ್ರೆಯ ನೀರಿನಲ್ಲಿ ತೂಗುಬಿಟ್ಟು ಕಾಯಿಸಿ. ಅದರ ಮೇಲೆ 82 ಎಂದು ಅಚ್ಚಾಗಿದ್ದರೆ ಆ ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ಬಿಡಬೇಕು.

ಇನ್ನು ಕಾಣದ ಸೋರಿಕೆ. ರೇಡಿಯೇಟರ್ ಮುಚ್ಚಳ ಬರೀ ಮುಚ್ಚಳವಲ್ಲ. ಸುಮಾರು 1 ಬಾರ್ ಒತ್ತಡವನ್ನು ಅದು ಹಿಡಿದಿಡುತ್ತದೆ. ಆ ಒತ್ತಡದಲ್ಲಿ ಬರೀ ನೀರು ಕೂಡ 120 ಡಿಗ್ರಿಯವರೆಗೆ ಕುದಿಯುವುದಿಲ್ಲ. ಮುಚ್ಚಳದ ರಬ್ಬರ್ ಬಿರುಕುಬಿಟ್ಟಿದ್ದರೆ 100ರ ಆಸುಪಾಸಿನಲ್ಲೇ ಕುದಿದು ಉಕ್ಕುತ್ತದೆ, ಗ್ಯಾಸ್ಕೆಟ್ ಸವೆದ ಕುಕ್ಕರ್ ಹಾಗೆ. ಹೊಸ ಮುಚ್ಚಳ ಕೊಳ್ಳುವಾಗ ಹಳೆಯದರ ಮೇಲಿದ್ದ ಅಂಕಿಯನ್ನೇ ಕೇಳಿ. ನೆಲದಲ್ಲಿ ಹನಿ ಕಾಣದಿರಲು ಇನ್ನೊಂದು ಕಾರಣವೂ ಇದೆ: ಸೋರಿಕೆ ಒತ್ತಡವಿದ್ದಾಗ ಮಾತ್ರ ಆಗುತ್ತದೆ, ಬಿಸಿ ಲೋಹದ ಮೇಲೆ ಬಿದ್ದ ಹನಿ ನೆಲ ಮುಟ್ಟುವ ಮೊದಲೇ ಆವಿಯಾಗುತ್ತದೆ. ಅದು ಉಳಿಸಿಹೋಗುವುದು ಬಿಳಿ ಹಕ್ಕಳೆಯ ಗೆರೆ. ಬೆಳಿಗ್ಗೆ ಟಾರ್ಚ್ ಹಿಡಿದು ಪಂಪಿನ ಗ್ಯಾಸ್ಕೆಟ್ ಅಂಚು, ಪಂಪಿನ ಹೊಟ್ಟೆಯಡಿಯ ಸಣ್ಣ ರಂಧ್ರ, ಥರ್ಮೋಸ್ಟಾಟ್ ಗೂಡು, ನೀವು ಬಿಚ್ಚಿ ಹಾಕಿದ ಪ್ರತಿ ಹೋಸಿನ ಕ್ಲಿಪ್ಪು ನೋಡಿ. ಹಳೆಯ ಗ್ಯಾಸ್ಕೆಟ್ಟಿನ ಚೂರು ಕೆರೆದು ತೆಗೆಯದೆ ಹೊಸದನ್ನು ಕೂರಿಸಿದರೆ ಅಲ್ಲೇ ಜಿನುಗುತ್ತದೆ. ಮುಂದಿನ ಸೀಟಿನ ಕಾಲಡಿಯ ಮ್ಯಾಟ್ ಒದ್ದೆಯಾಗಿದ್ದರೆ ಸೋರುತ್ತಿರುವುದು ಹೀಟರ್ ಇರಬಹುದು. ಇಷ್ಟಾದರೂ ಸಿಗದಿದ್ದರೆ ರೇಡಿಯೇಟರ್ ಕೆಲಸದವರಲ್ಲಿ ಪ್ರೆಷರ್ ಪಂಪ್ ಇರುತ್ತದೆ. ತಣ್ಣಗಿನ ಇಂಜಿನ್ನಿಗೆ ಮುಚ್ಚಳದ ಅಂಕಿಯಷ್ಟೇ ಒತ್ತಡ ಕೊಟ್ಟು ಕಾಲು ಗಂಟೆ ಬಿಟ್ಟರೆ ಸೋರುವ ಜಾಗ ತಾನೇ ಒದ್ದೆಯಾಗುತ್ತದೆ.

ಊರೊಳಗೆ ಸರಿ, ಹೆದ್ದಾರಿಯಲ್ಲಿ ಬಿಸಿ ಎಂಬ ನಿಮ್ಮ ಮಾತು ಮುಖ್ಯ. ಫ್ಯಾನ್ ಕೆಟ್ಟಿದ್ದರೆ ನಿಂತ ಗಾಡಿ, ಸಂತೆಬೀದಿಯಲ್ಲಿ ತೆವಳುವ ಗಾಡಿ ಕಾಯಬೇಕಿತ್ತು. ಗಾಳಿ ಸೀಳಿಕೊಂಡು ಓಡುವಾಗ ಕಾದರೆ ನೀರಿನ ಓಟ ಸಾಲದು ಎಂದರ್ಥ: ಒಳಗೆ ಗಾಳಿಯಿದೆ, ನೀರು ಕಡಿಮೆಯಿದೆ, ಪಂಪಿನ ಬೆಲ್ಟ್ ಜಾರುತ್ತಿದೆ, ಅಥವಾ ರೇಡಿಯೇಟರಿನ ಕೊಳವೆಗಳು ಕಟ್ಟಿವೆ. ಈ ಕೊನೆಯದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಅದು ನಮ್ಮ ನೆಲದ ಕಥೆ.

ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆಯ ಈ ಸೀಮೆಯಲ್ಲಿ ನಾವು ಆಳದ ಕಲ್ಲಿನ ಸಂದಿನಿಂದ ನೀರೆತ್ತುತ್ತೇವೆ. ಬೋರಿನ ನೀರು ಎಂದಾಗ ನಮಗೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ನೆನಪಾಗುತ್ತದೆ. ರೇಡಿಯೇಟರಿಗೆ ಹಗೆ ಅದಲ್ಲ, ನೀರಿನ ಗಡಸುತನ. ಬಚ್ಚಲ ಹಂಡೆಯ ಒಳಮೈಗೆ ಬಿಳಿ ಪೊರೆ ಕಟ್ಟುವುದನ್ನು ನೋಡಿದ್ದೀರಲ್ಲ? ನೀರಲ್ಲಿ ಕರಗಿದ ಸುಣ್ಣದಂಶ ಬಿಸಿಗೆ ಹೊರಬಂದು ಕಲ್ಲಾಗುತ್ತದೆ. ಹಂಡೆಗೆ ಅದರಿಂದ ಒಂದಿಷ್ಟು ಸೌದೆ ಹೆಚ್ಚು ಬೇಕಾದೀತು. ಕಡ್ಡಿಯಷ್ಟು ಸಣ್ಣ ದಾರಿಯ ರೇಡಿಯೇಟರ್ ಮಾತ್ರ ಉಸಿರುಕಟ್ಟುತ್ತದೆ. ಆ ನೀರನ್ನು ಬಸಿದು ಎರಡು ಸಲ ತೊಳೆದು, ನಿಮ್ಮ ಗಾಡಿಯ ಕೈಪಿಡಿ ಹೇಳುವ ಕೂಲಂಟನ್ನೇ ಹಾಕಿ. ಕೂಲಂಟಿಗೆ ಬೆರೆಸಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರೇ ಬೇಕು. ಬೇರೆ ಬೇರೆ ಬಗೆಯ ಕೂಲಂಟ್ ಬೆರೆಸಬೇಡಿ, ಕೆಲವು ಕೂಡಿದರೆ ಗಂಜಿಯಂತೆ ಗಟ್ಟಿಯಾಗುತ್ತವೆ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿಯಿಲ್ಲ, ಕೂಲಂಟ್ ಏಕೆ ಎನ್ನುವವರುಂಟು. ಅದು ಕುದಿಯುವ ಮಟ್ಟವನ್ನು ಏರಿಸುತ್ತದೆ, ತುಕ್ಕು ತಡೆಯುತ್ತದೆ, ನೀವು ಈಗ ತಾನೇ ದುಡ್ಡು ಕೊಟ್ಟು ಹಾಕಿದ ಪಂಪಿನ ಸೀಲನ್ನು ಕಾಯುತ್ತದೆ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಗೆ ಇದು ಅಗತ್ಯವೇ.

ಹೆಡ್ ಗ್ಯಾಸ್ಕೆಟ್ ಮಾತಿಗೆ ಬರೋಣ. ಮುಳ್ಳು ಕೆಂಪಿಗೇರಿದ ಮೇಲೂ ಬಹಳ ದೂರ ಓಡಿಸಿದ್ದರೆ ಅದೂ ಹೋಗಿರಬಹುದು. ಆದರೆ ಅದಕ್ಕೆ ಗುರುತುಗಳಿವೆ. ಬೆಳಿಗ್ಗೆ ತಣ್ಣಗಿನ ಇಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತಾಗುವುದು, ಗಾಳಿ ಪೂರ್ತಿ ತೆಗೆದ ಮೇಲೂ ಗುಳ್ಳೆ ನಿಲ್ಲದಿರುವುದು, ಇಂಜಿನ್ ಆಯಿಲ್ ಮಜ್ಜಿಗೆ ಕದಡಿದಂತೆ ಬೆಳ್ಳಗಾಗುವುದು, ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ. ಗ್ಯಾರೇಜಿನಲ್ಲಿ ರೇಡಿಯೇಟರ್ ಬಾಯಿಗೆ ಹಿಡಿಯುವ ನೀಲಿ ದ್ರಾವಣದ ಪರೀಕ್ಷೆಯಿದೆ. ಇಂಜಿನ್ನಿನ ಹೊಗೆ ನೀರಿಗೆ ಸೇರುತ್ತಿದ್ದರೆ ಅದು ಹಳದಿಯಾಗುತ್ತದೆ. ಈ ಪರೀಕ್ಷೆ ಮಾಡದೆ ಹೆಡ್ ಬಿಚ್ಚಲು ಬಿಡಬೇಡಿ.

ಎರಡು ಎಚ್ಚರಿಕೆಗಳು. ದಾರಿಯಲ್ಲಿ ಮುಳ್ಳು ಏರಿದರೆ ಎಸಿ ಆರಿಸಿ, ಹೀಟರ್ ಹಾಕಿ, ಬದಿಗೆ ನಿಲ್ಲಿಸಿ ಇಂಜಿನ್ ಆಫ್ ಮಾಡಿ. ಹೋಸ್ ಕೈಗೆ ತಣ್ಣಗೆ, ಮೆತ್ತಗೆ ಸಿಗುವ ತನಕ ಮುಚ್ಚಳ ಮುಟ್ಟಬೇಡಿ, ಒಳಗಿನ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರಿಯಬಹುದು. ಎರಡನೆಯದಾಗಿ, ಬಸಿದ ಕೂಲಂಟ್ ವಿಷ, ಆದರೆ ರುಚಿ ಸಿಹಿ. ಒಣ ಅಂಗಳದಲ್ಲಿ ಗುಂಡಿ ನೀರು ಕಂಡರೆ ನಾಯಿ, ಕುರಿ ಬಾಯಿ ಹಾಕದೆ ಇರವು. ಕ್ಯಾನಿನಲ್ಲಿ ಹಿಡಿದು, ಮಕ್ಕಳಿಗೆ ಸಿಗದಂತೆ ಮುಚ್ಚಿಟ್ಟು ಗ್ಯಾರೇಜಿಗೆ ಕೊಡಿ.

ಎಲ್ಲ ಮುಗಿದ ಮೇಲೆ ನೀರಿನ ಡಬ್ಬಿಯ ಮೇಲೆ ಮಟ್ಟಕ್ಕೆ ಸರಿಯಾಗಿ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಏಳು ದಿನ, ಇಂಜಿನ್ ಚಾಲೂ ಮಾಡುವ ಮೊದಲು, ಅದನ್ನು ನೋಡಿ. ಪಂಪ್ ಬಿಚ್ಚಿ ಕೂರಿಸಿದ ಕೈಗಳಿಗೆ ಇಷ್ಟು ತಾಳ್ಮೆ ಖಂಡಿತ ಇದೆ. ಏಳನೆಯ ಬೆಳಿಗ್ಗೆಯೂ ನೀರು ಗೆರೆಯಲ್ಲೇ ನಿಂತಿದ್ದರೆ ಊರಾಚೆಗೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ನೋಡಿ. ಮುಳ್ಳು ಏರದಿದ್ದರೆ ಅಕ್ಕನ ಮನೆಗೆ ಹೊರಡಿ.