ಸಾಲದ ಪಟ್ಟಿ ಗೋಡೆಯ ಮೇಲಿರಲಿ



ಭಾನುವಾರ ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಿಂತು ನಾವು ಎಷ್ಟೋ ವಿಷಯ ಮಾತಾಡುತ್ತೇವೆ. ರಾಗಿ ತೆನೆ ಕಟ್ಟಿತೇ, ರಾಯಕೋಟೆ ಮಂಡಿಯಲ್ಲಿ ಟೊಮೇಟೊ ಎಷ್ಟಕ್ಕೆ ಹೋಯಿತು, ಹಸು ಎಷ್ಟು ಲೀಟರ್ ಕೊಡುತ್ತಿದೆ ಎಂದು ಒಬ್ಬರನ್ನೊಬ್ಬರು ವಿಚಾರಿಸುತ್ತೇವೆ. ಸಾಲ ಎಷ್ಟಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಹೊರಗಿನವರಿಗೆ ಹೇಳದಿದ್ದರೆ ಹೋಗಲಿ. ಎಷ್ಟೋ ಮನೆಗಳಲ್ಲಿ ಗಂಡ ಮಾಡಿದ ಸಾಲ ಹೆಂಡತಿಗೆ ತಿಳಿದಿರುವುದಿಲ್ಲ, ಹೆಂಡತಿ ಮಾಡಿದ ಸಾಲ ಗಂಡನಿಗೆ ತಿಳಿದಿರುವುದಿಲ್ಲ. ಮುಚ್ಚಿಟ್ಟ ಗಾಯ ಕೀವಾಗುವಂತೆ ಮುಚ್ಚಿಟ್ಟ ಸಾಲವೂ ಒಳಗೊಳಗೇ ಬೆಳೆಯುತ್ತದೆ. ಈ ಸಂಚಿಕೆಯಲ್ಲಿ ಮನೆಯ ಸಾಲವನ್ನು ದಿನನಿತ್ಯದ ಲೆಕ್ಕ ಮತ್ತು ಮಿತವ್ಯಯದಿಂದ ತೀರಿಸುವ ದಾರಿಯನ್ನು ನೋಡೋಣ.

ನಮ್ಮ ಮನೆಯ ಮಾತು

ಉಪದೇಶ ಹೇಳುವ ಮೊದಲು ನಮ್ಮ ಮನೆಯ ಕಥೆಯನ್ನೇ ಹೇಳುತ್ತೇವೆ. 2016ರಲ್ಲಿ ಮಳೆ ಕೈಕೊಟ್ಟಿತು. ಮರುವರ್ಷ ಕೊಳವೆ ಬಾವಿ ಕೊರೆಸಿದೆವು. 850 ಅಡಿ ಇಳಿದರೂ ಬಂದದ್ದು ಬರೀ ಕಲ್ಲಿನ ಪುಡಿ. ಆ ರಾತ್ರಿ ನಾವಿಬ್ಬರೂ, ಅಂದರೆ ಗಂಡ ಹೆಂಡತಿ, ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಇದ್ದಬದ್ದ ಸಾಲವನ್ನೆಲ್ಲ ಬರೆದೆವು. ಪಟ್ಟಿ ಹೀಗಿತ್ತು:

ಸೊಸೈಟಿಯ ಬೆಳೆ ಸಾಲ: 40,000 ರೂಪಾಯಿ
ಬ್ಯಾಂಕಿನಲ್ಲಿ ಒಡವೆ ಅಡವು: 35,000 ರೂಪಾಯಿ
ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯ ಕೈಸಾಲ: 30,000 ರೂಪಾಯಿ
ದಿನವಟ್ಟಿ ಸಾಲ: 10,000 ರೂಪಾಯಿ
ಗೊಬ್ಬರದಂಗಡಿಯ ಬಾಕಿ: 9,000 ರೂಪಾಯಿ
ಒಟ್ಟು: 1,24,000 ರೂಪಾಯಿ

ಗೊಬ್ಬರದಂಗಡಿಯ ಬಾಕಿ ನಮ್ಮಲ್ಲಿ ಒಬ್ಬರಿಗೆ ಆವರೆಗೆ ಗೊತ್ತಿರಲಿಲ್ಲ. ದಿನವಟ್ಟಿಯ ವಿಷಯ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಜಗಳವೂ ಆಯಿತು, ಅಳುವೂ ಆಯಿತು. ಆದರೆ ಬೆಳಿಗ್ಗೆ ಎದ್ದಾಗ ಸಾಲ ಇಬ್ಬರದೂ ಆಗಿತ್ತು. ಆ ಹಾಳೆಯನ್ನು ಅಡುಗೆ ಮನೆಯ ಗೋಡೆಗೆ ಅಂಟಿಸಿದೆವು. ತೀರಿಸುವ ಕೆಲಸ ಅಲ್ಲಿಂದ ಶುರುವಾಯಿತು.

ಯಾವ ಸಾಲ ಮೊದಲು?

ಸಾಮಾನ್ಯವಾಗಿ ನಾವು ಯಾರು ಹೆಚ್ಚು ಕೂಗಾಡುತ್ತಾರೋ ಅವರಿಗೆ ಮೊದಲು ಕೊಡುತ್ತೇವೆ. ಇದು ತಪ್ಪು. ಯಾವ ಸಾಲ ಹೆಚ್ಚು ಬಡ್ಡಿ ತಿನ್ನುತ್ತದೋ ಅದು ಮೊದಲು ತೀರಬೇಕು. ಅದಕ್ಕಾಗಿ ಎಲ್ಲ ಬಡ್ಡಿಯನ್ನೂ ವರ್ಷದ ಲೆಕ್ಕಕ್ಕೆ ತಂದು ನೋಡಬೇಕು.

ನೂರಕ್ಕೆ ಮೂರು ರೂಪಾಯಿ ಎಂದರೆ ಕೇಳಲು ಚಿಕ್ಕದು. ವರ್ಷಕ್ಕೆ ಅದು 36 ರೂಪಾಯಿ. ನಮ್ಮ 30,000ಕ್ಕೆ ತಿಂಗಳಿಗೆ 900, ವರ್ಷಕ್ಕೆ 10,800 ರೂಪಾಯಿ ಬಡ್ಡಿಗೇ ಹೋಗುತ್ತಿತ್ತು.

ದಿನವಟ್ಟಿ ಇನ್ನೂ ಮೋಸದ್ದು. ಹತ್ತು ಸಾವಿರ ಎಂದು ಬರೆದುಕೊಂಡು 1,500 ಮುಂಚೆಯೇ ಹಿಡಿದು 8,500 ಕೈಗೆ ಕೊಡುತ್ತಾರೆ. ದಿನಕ್ಕೆ ನೂರರಂತೆ ನೂರು ದಿನ ಕಟ್ಟಬೇಕು. ಸಾವಿರದೈನೂರು ತಾನೇ ಎನ್ನಿಸುತ್ತದೆ. ಆದರೆ ಆ 8,500 ನೂರು ದಿನವೂ ನಮ್ಮ ಹತ್ತಿರ ಉಳಿಯುವುದಿಲ್ಲ, ದಿನಾ ಕಟ್ಟುತ್ತಾ ಕರಗುತ್ತದೆ. ಸರಿಯಾಗಿ ಲೆಕ್ಕ ಹಾಕಿದರೆ ಇದು ವರ್ಷಕ್ಕೆ ನೂರಕ್ಕೆ 120ರ ಆಸುಪಾಸಿನ ಬಡ್ಡಿ. ದಿನವಟ್ಟಿ, ಕಂದುವಟ್ಟಿ, ಮೀಟರ್ ವಟ್ಟಿ, ತಂಡಲ್ ಇವನ್ನೆಲ್ಲ ತಮಿಳುನಾಡು ಸರ್ಕಾರ 2003ರ ಕಾನೂನಿನಲ್ಲೇ ನಿಷೇಧಿಸಿದೆ ಎಂಬುದು ನಮ್ಮ ಜನರಿಗೆ ತಿಳಿದಿರಲಿ.

ಸೊಸೈಟಿಯ ಬೆಳೆ ಸಾಲಕ್ಕೆ ಗಡುವಿನೊಳಗೆ ಕಟ್ಟಿದರೆ ನಮ್ಮ ರಾಜ್ಯದಲ್ಲಿ ಬಡ್ಡಿಯೇ ಇಲ್ಲ. ಬ್ಯಾಂಕಿನ ಕಿಸಾನ್ ಕ್ರೆಡಿಟ್ ಕಾರ್ಡಿನ ಅಲ್ಪಾವಧಿ ಬೆಳೆ ಸಾಲಕ್ಕೆ ವರ್ಷಕ್ಕೆ ನೂರಕ್ಕೆ 7, ಸಕಾಲಕ್ಕೆ ಕಟ್ಟಿದವರಿಗೆ 4. ಗಡುವು ತಪ್ಪಿದರೆ ಈ ಲಾಭವೆಲ್ಲ ಹೋಗುತ್ತದೆ. ಆದ್ದರಿಂದ ಆ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಹಬ್ಬದ ದಿನದಂತೆ ಗುರುತು ಮಾಡಿಡಿ.

ಬಡ್ಡಿ ಮಾತ್ರ ಕಟ್ಟಿದರೆ ಸಾಲ ತೀರದು

ಅದೇ 30,000 ರೂಪಾಯಿಯ ಲೆಕ್ಕವನ್ನು ಮಕ್ಕಳ ಜೊತೆ ಕುಳಿತು ಹಾಕಿ ನೋಡಿ.

ತಿಂಗಳಿಗೆ 900 ಕಟ್ಟಿದರೆ ಬಡ್ಡಿಗೇ ಸರಿಹೋಗುತ್ತದೆ. ಹತ್ತು ವರ್ಷ ಕಟ್ಟಿದರೂ ಅಸಲು ಮೂವತ್ತು ಸಾವಿರ ಹಾಗೇ ಇರುತ್ತದೆ.
ತಿಂಗಳಿಗೆ 1,500 ಕಟ್ಟಿದರೆ 31 ತಿಂಗಳಲ್ಲಿ ತೀರುತ್ತದೆ. ಒಟ್ಟು ಕಟ್ಟುವುದು ಸುಮಾರು 46,500.
ತಿಂಗಳಿಗೆ 2,500 ಕಟ್ಟಿದರೆ 15 ತಿಂಗಳಲ್ಲಿ ತೀರುತ್ತದೆ. ಒಟ್ಟು ಕಟ್ಟುವುದು ಸುಮಾರು 37,750.

ಸಾವಿರ ರೂಪಾಯಿ ಹೆಚ್ಚು ಕಟ್ಟಿದ್ದಕ್ಕೆ ಅರ್ಧ ಕಾಲ ಉಳಿಯಿತು, ಸುಮಾರು ಒಂಬತ್ತು ಸಾವಿರವೂ ಉಳಿಯಿತು. ಆದರೆ ಕಟ್ಟಿದ ಪ್ರತಿ ರೂಪಾಯಿಗೂ ಚೀಟಿ ಬರೆಸಿಕೊಳ್ಳಬೇಕು, ಬಡ್ಡಿ ಕಳೆದು ಉಳಿದದ್ದು ಅಸಲಿಗೆ ಜಮೆ ಎಂದು ಮೊದಲೇ ಮಾತಾಡಿಕೊಳ್ಳಬೇಕು.

ಮನೆಯಲ್ಲಿ ಸುಮ್ಮನೆ ಇರುವ ಒಡವೆ ಇದ್ದರೆ ಇನ್ನೊಂದು ದಾರಿಯುಂಟು. ಬ್ಯಾಂಕಿನಲ್ಲಿ ಅಡವಿಟ್ಟು ಹೆಚ್ಚು ಬಡ್ಡಿಯ ಕೈಸಾಲವನ್ನು ತೀರಿಸುವುದು. ವರ್ಷಕ್ಕೆ ನೂರಕ್ಕೆ 10 ಎಂದು ಹಿಡಿದರೆ 30,000ಕ್ಕೆ ತಿಂಗಳ ಬಡ್ಡಿ 250 ಮಾತ್ರ. 900 ಎಲ್ಲಿ, 250 ಎಲ್ಲಿ! ಒಂದೇ ಎಚ್ಚರಿಕೆ: ಹೀಗೆ ತೀರಿಸಿದ ಮೇಲೆ ಮತ್ತೆ ಅದೇ ಸಾಹುಕಾರರ ಬಾಗಿಲಿಗೆ ಹೋದರೆ ಒಡವೆಯೂ ಹೋಯಿತು, ಸಾಲವೂ ಉಳಿಯಿತು.

ದುಡ್ಡು ಎಲ್ಲಿಂದ ಬಂತು?

ನಮಗೆ ತಿಂಗಳಿಗೆ 2,500 ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಮೂವತ್ತು ದಿನ ಒಂದು ನೋಟ್ ಪುಸ್ತಕದಲ್ಲಿ ಕೊಟ್ಟ ಪ್ರತಿ ರೂಪಾಯಿಯನ್ನೂ ಬರೆದೆವು. ಯಾರನ್ನೂ ಬೈಯಬಾರದು, ಬರೆದರೆ ಸಾಕು ಎಂಬುದು ನಿಯಮ. ತಿಂಗಳ ಕೊನೆಗೆ ಆ ಪುಸ್ತಕವೇ ನಮಗೆ ಪಾಠ ಹೇಳಿತು.

ಟೀ ಅಂಗಡಿಯ ಟೀ, ಬೋಂಡ ದಿನಕ್ಕೆ 20: ತಿಂಗಳಿಗೆ 600
ಬೀಡಿ, ಎಲೆ ಅಡಿಕೆ ದಿನಕ್ಕೆ 10: ತಿಂಗಳಿಗೆ 300
ಇಬ್ಬರು ಮಕ್ಕಳ ಐದು ರೂಪಾಯಿ ಪ್ಯಾಕೆಟ್ ತಿಂಡಿ: ತಿಂಗಳಿಗೆ 300
ಸಂತೆಯ ತರಕಾರಿ ವಾರಕ್ಕೆ 150: ತಿಂಗಳಿಗೆ 600
ಅಗತ್ಯವಿಲ್ಲದ ಹೊಸೂರಿನ ಓಡಾಟ: ತಿಂಗಳಿಗೆ 200

ಇಷ್ಟೇ 2,000 ಆಯಿತು. ಹಿತ್ತಲಲ್ಲಿ ಐದಾರು ನಾಟಿ ಕೋಳಿ ಸಾಕಿ ಮೊಟ್ಟೆ ಮಾರಿ ಉಳಿದ ಐನೂರನ್ನು ತುಂಬಿಸಿದೆವು. ಟೀ ಕುಡಿಯುವುದನ್ನು ಬಿಡಲಿಲ್ಲ, ಮನೆಯ ಹಾಲಿನಲ್ಲಿ ಮನೆಯಲ್ಲೇ ಕುಡಿದೆವು. ಪಾತ್ರೆ ತೊಳೆದ ನೀರು ಹರಿಯುವ ಕಡೆ ದಂಟು, ಬದನೆ, ಹೀರೆ, ಒಂದು ನುಗ್ಗೆ ಕೊಂಬೆ ಹಾಕಿದೆವು. ಬೀಡಿ ಬಿಡುವುದು ಎಲ್ಲಕ್ಕಿಂತ ಕಷ್ಟವಾಯಿತು, ಎರಡು ಸಲ ಬಿಟ್ಟು ಎರಡು ಸಲ ಹಿಡಿದು ಮೂರನೆಯ ಸಲ ಬಿಟ್ಟದ್ದು.

ಕುಡಿತದ ಲೆಕ್ಕವನ್ನೂ ಇಲ್ಲಿ ಹೇಳಲೇಬೇಕು. ವಾರಕ್ಕೆ 450 ರೂಪಾಯಿ ಕುಡಿತಕ್ಕೆ ಹೋದರೆ ವರ್ಷಕ್ಕೆ 23,400. ಒಂದು ಕೈಸಾಲವನ್ನು ತೀರಿಸುವ ದುಡ್ಡು ಅದು. ಜೊತೆಗೆ ಮರುದಿನ ಹೋಗುವ ಕೂಲಿ, ಕೆಡುವ ಈರುಳು ಬೇರೆ. ಇಷ್ಟೆಲ್ಲ ಗೊತ್ತಿದ್ದೂ ಬಿಡಲಾಗದವರು ನಾಚಿಕೆ ಪಡದೆ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕಾಣಬೇಕು.

ಸಂಬಳದವರ ಲೆಕ್ಕ ಬೇರೆ, ನಮ್ಮ ಲೆಕ್ಕ ಬೇರೆ

ಹೊಸೂರಿನ ಕಾರ್ಖಾನೆಗೆ ಹೋಗುವವರಿಗೆ ತಿಂಗಳಿಗೊಮ್ಮೆ ಸಂಬಳ. ರೈತನಿಗೆ ದುಡ್ಡು ಮೂರು ರೀತಿ ಬರುತ್ತದೆ. ಹಾಲು, ಮೊಟ್ಟೆ, ಸೊಪ್ಪು, ಹೂವಿನ ದುಡ್ಡು ಆಗಾಗ ಬರುತ್ತದೆ. ರೇಷ್ಮೆಗೂಡಿನ ದುಡ್ಡು ಬೆಳೆಗೊಮ್ಮೆ ಬರುತ್ತದೆ. ರಾಗಿ, ಹುರುಳಿ, ಕಡಲೆಕಾಯಿ, ಹುಣಿಸೆ, ಮಾವಿನದು ವರ್ಷಕ್ಕೊಮ್ಮೆ. ಖರ್ಚನ್ನೂ ಹೀಗೆಯೇ ಮೂರು ಪಾಲು ಮಾಡಬೇಕು. ಹಾಲಿನ ದುಡ್ಡಿನಲ್ಲಿ ಉಪ್ಪು, ಎಣ್ಣೆ, ಹಿಂಡಿ, ಬೂಸಾ. ಗೂಡಿನ ದುಡ್ಡಿನಲ್ಲಿ ಸಾಲದ ಕಂತು. ವರ್ಷದ ಬೆಳೆಯಲ್ಲಿ ಶಾಲೆಯ ಫೀಸು, ಬಟ್ಟೆ, ಬಿತ್ತನೆ ಬೀಜ, ಬೆಳೆ ಸಾಲ. ವರ್ಷಕ್ಕೆ ಬೇಕಾದ ರಾಗಿಯನ್ನು ಮೊದಲು ಮನೆಗೆ ತೆಗೆದಿಟ್ಟು ಉಳಿದದ್ದನ್ನು ಮಾರಬೇಕು. ಕಣದಲ್ಲಿ ಅಗ್ಗಕ್ಕೆ ಮಾರಿ ಆರು ತಿಂಗಳ ಮೇಲೆ ಅಂಗಡಿಯಲ್ಲಿ ದುಬಾರಿಗೆ ಕೊಳ್ಳುವುದು ಸಾಲಕ್ಕೆ ನಾವೇ ಹಾಕುವ ಗೊಬ್ಬರ.

ಟೊಮೇಟೊವನ್ನು ನಂಬಿ ಲೆಕ್ಕ ಬರೆಯಬೇಡಿ. 2023ರ ಜುಲೈಯಲ್ಲಿ ಕಿಲೋಗೆ ನೂರು ದಾಟಿದ ಟೊಮೇಟೊ ಸೆಪ್ಟೆಂಬರ್ ಹೊತ್ತಿಗೆ ಕುಸಿದುಬಿದ್ದದ್ದನ್ನು ನಾವೆಲ್ಲ ಕಂಡೆವು. ಒಳ್ಳೆಯ ಬೆಲೆ ಸಿಕ್ಕಿತೋ, ಅದನ್ನು ನೇರವಾಗಿ ಅಸಲಿಗೆ ಕಟ್ಟಿ. ಮೊಬೈಲೋ ಮೋಟಾರ್ ಬೈಕೋ ಕೊಂಡರೆ ಆ ಬೆಲೆ ಸಿಕ್ಕಿಯೂ ಸಿಗದಂತೆ.

ಎಲ್ಲಿ ಕೈ ಬಿಗಿಯಬಾರದು?

ಮಿತವ್ಯಯ ಎಂದರೆ ಹೊಟ್ಟೆ ಕಟ್ಟುವುದಲ್ಲ. ಮಕ್ಕಳ, ಬಸುರಿ ಬಾಣಂತಿಯರ ಊಟ, ಮಕ್ಕಳ ಓದು, ಔಷಧಿ, ಹಸುವಿನ ಮೇವು ಇವುಗಳಲ್ಲಿ ಉಳಿಸಲು ಹೋದರೆ ಮುಂದೆ ಹತ್ತರಷ್ಟು ಖರ್ಚಾಗುತ್ತದೆ. ಒಳ್ಳೆಯ ಊಟ ದುಬಾರಿಯದೇ ಆಗಬೇಕಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಕ್ಕಿಯಲ್ಲಿ ಅದು ಹತ್ತರ ಸುಮಾರು. ಮುದ್ದೆ, ಹುರುಳಿ ಸಾರು, ಸೊಪ್ಪಿನ ಪಲ್ಯ, ವಾರಕ್ಕೆರಡು ಸಲ ಮೊಟ್ಟೆ ಇದ್ದರೆ ಪ್ಯಾಕೆಟ್ ತಿಂಡಿಗಿಂತ ಮಕ್ಕಳು ಚೆನ್ನಾಗಿ ಬೆಳೆಯುತ್ತಾರೆ. ರೇಷನ್ ಅಂಗಡಿಯಲ್ಲಿ 2011ರಿಂದ ಅಕ್ಕಿ ಉಚಿತವಾಗಿ ಸಿಗುತ್ತಿದೆ. ಅದನ್ನು ತಂದು ತಿನ್ನಬೇಕೇ ಹೊರತು ಮಾರಬಾರದು.

ಕಾಯಿಲೆ ಬಂದು ಸಾಲಗಾರರಾದ ಮನೆಗಳು ನಮ್ಮಲ್ಲಿ ಬಹಳ. ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮೆಯ ಕಾರ್ಡು ಮಾಡಿಸಿಕೊಂಡರೆ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಕಾಯಿಲೆ ಬಂದ ಮೇಲೆ ಓಡಾಡುವ ಬದಲು ಈಗಲೇ ಮಾಡಿಸಿಡಿ. ಮನೆ ಬಾಗಿಲಿಗೆ ಬಂದು ಬಿ.ಪಿ., ಸಕ್ಕರೆ ಕಾಯಿಲೆ ನೋಡಿ ಮಾತ್ರೆ ಕೊಡುವ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ 2021ರ ಆಗಸ್ಟ್ 5ರಂದು ಆರಂಭವಾದದ್ದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲೇ. ಆ ಮಾತ್ರೆಗಳನ್ನು ಬಿಡದೆ ನುಂಗಿದರೆ ಮುಂದೆ ದೊಡ್ಡಾಸ್ಪತ್ರೆಯ ಖರ್ಚು ತಪ್ಪೀತು.

ಸಂಘದ ಬಲ

ಸಾಹುಕಾರರಿಂದ ರೈತರನ್ನು ಬಿಡಿಸಲು ಹಿಂದಿನವರು ಕಂಡ ದಾರಿ ಸಹಕಾರ. 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. 1909ರಲ್ಲಿ ಛೋಟಾನಾಗಪುರದಲ್ಲಿ ಯೇಸುಸಭೆಯ ಫಾದರ್ ಹಾಫ್‌ಮನ್ ಅವರು ಆದಿವಾಸಿ ರೈತರಿಗಾಗಿ ಸಾಲ ಸಂಘ ಆರಂಭಿಸಿದರು. ನಮ್ಮ ನೆಲದಲ್ಲೂ ಇಂಥದ್ದು ನಡೆದಿದೆ. ಕೆಲಮಂಗಲ ಇನ್ನೂ ಧರ್ಮಪುರಿ ಜಿಲ್ಲೆಗೆ ಸೇರಿದ್ದಾಗ, 1989ರಲ್ಲಿ, ತಮಿಳುನಾಡಿನ ಮಹಿಳಾ ಸ್ವಸಹಾಯ ಸಂಘಗಳ ಯೋಜನೆ ಮೊದಲು ಕಾಲಿಟ್ಟದ್ದು ಧರ್ಮಪುರಿ ಜಿಲ್ಲೆಯಲ್ಲಿ. ವಾರ ವಾರ ಚೂರುಪಾರು ಕೂಡಿಸಿ, ಅದನ್ನೇ ಒಬ್ಬರಿಗೊಬ್ಬರು ಸಾಲ ಕೊಟ್ಟು, ಲೆಕ್ಕವನ್ನು ಎಲ್ಲರೆದುರು ಓದುವುದು ಆ ಸಂಘಗಳ ಪದ್ಧತಿ. ಮುಚ್ಚುಮರೆ ಇಲ್ಲದ ಆ ಲೆಕ್ಕವೇ ಅವುಗಳ ಬಲ.

ಇದಕ್ಕೂ ಮನೆ ಬಾಗಿಲಿಗೆ ಬಂದು ಸಾಲ ಕೊಡುವ ಖಾಸಗಿ ಫೈನಾನ್ಸಿಗೂ ವ್ಯತ್ಯಾಸವಿದೆ. ಒಂದರ ಕಂತು ಕಟ್ಟಲು ಇನ್ನೊಂದರಲ್ಲಿ ಸಾಲ ತೆಗೆಯುವುದು ಬಾವಿಯಿಂದ ಎದ್ದು ಕೆರೆಗೆ ಬಿದ್ದಂತೆ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಎಲ್ಲ ಸಾಲದ ಕಂತುಗಳೂ ಸೇರಿ ಮನೆಯ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ವಸೂಲಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಬರುವಂತಿಲ್ಲ. ಗಡುವಿಗೆ ಮುಂಚೆ ಸಾಲ ತೀರಿಸಿದರೆ ದಂಡ ಹಾಕುವಂತಿಲ್ಲ.

ಕೊನೆಯ ಮಾತು

ನಮ್ಮ ಸಾಲ ಹೇಗೆ ತೀರಿತು? ಮೊದಲ ಮೂರು ತಿಂಗಳು ದಿನವಟ್ಟಿಗೂ ಕೈಸಾಲದ ಬಡ್ಡಿಗೂ ಸೇರಿ ತಿಂಗಳಿಗೆ 3,900 ಬೇಕಾಯಿತು. ಒಂದು ಟಗರು ಮಾರಿ ತೂಗಿಸಿದೆವು. ಆಮೇಲೆ ಹದಿನೈದು ತಿಂಗಳು ಕೈಸಾಲ, ನಾಲ್ಕು ತಿಂಗಳು ಗೊಬ್ಬರದಂಗಡಿ, ಅದರ ನಂತರ ಒಡವೆ. ಬೆಳೆ ಸಾಲವನ್ನು ಕಡಲೆಕಾಯಿಯ ದುಡ್ಡಿನಲ್ಲಿ ಗಡುವಿನೊಳಗೇ ಕಟ್ಟುತ್ತಾ ಬಂದೆವು. ಹುರುಳಿ ಮಾರಿದ್ದು ಒಡವೆಯ ವರ್ಷದ ಬಡ್ಡಿಗೆ ಆಯಿತು. 2020ರ ಕೊರೊನಾ ಬಂದಾಗ ಐದು ತಿಂಗಳು ಏನೂ ಕಟ್ಟಲಾಗಲಿಲ್ಲ. ಪಟ್ಟಿ ಮಾತ್ರ ಗೋಡೆಯ ಮೇಲೇ ಇತ್ತು. ಆ ವರ್ಷ ಕ್ರಿಸ್ತಜಯಂತಿಗೆ ಮನೆಯಲ್ಲಿ ಯಾರಿಗೂ ಹೊಸ ಬಟ್ಟೆ ಇರಲಿಲ್ಲ. ಆದರೆ ಅಡವಿಟ್ಟಿದ್ದ ಸರ ಬ್ಯಾಂಕಿನಿಂದ ಮನೆಗೆ ಬಂದಿತ್ತು.

ಆದ್ದರಿಂದ ಬಾಂಧವರೇ, ಈ ವಾರವೇ ಒಂದು ಸಂಜೆ ಊಟವಾದ ಮೇಲೆ ಗಂಡ ಹೆಂಡತಿ ಜೊತೆಯಾಗಿ ಕುಳಿತುಕೊಳ್ಳಿ. ಯಾರಿಗೆ, ಎಷ್ಟು, ಯಾವ ಬಡ್ಡಿ, ಯಾವ ಗಡುವು ಎಂಬ ನಾಲ್ಕನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಬರೆಯುವಾಗ ಒಬ್ಬರನ್ನೊಬ್ಬರು ದೂರಬೇಡಿ. ಒಂದೊಂದು ಸಾಲ ತೀರಿದಾಗಲೂ ಆ ಸಾಲಿನ ಮೇಲೆ ಗೆರೆ ಎಳೆಯುವ ಕೆಲಸವನ್ನು ಮಕ್ಕಳಿಗೆ ಕೊಡಿ. ಮನೆಯ ಲೆಕ್ಕ ಅವರಿಗೂ ತಿಳಿಯಲಿ.