ಉಗುರುಬೆಚ್ಚಗಿನ ನೀರು
ಪಾಠದ ಆಧಾರ: ಪ್ರಕಟನೆ 3ನೆಯ ಅಧ್ಯಾಯ, 14ರಿಂದ 22ರ ವರೆಗಿನ ವಚನಗಳು

ಈ ಪಾಠವನ್ನು ಓದುವದಕ್ಕೆ ಮುಂಚೆ ಮೇಲೆ ಹೇಳಿದ ವಚನಗಳನ್ನು ಮನೆಯವರೆಲ್ಲರೂ ಕೂಡಿ ಒಮ್ಮೆ ಓದಿಕೊಳ್ಳಿರಿ. ಓದಬಾರದ ಹಿರಿಯರಿಗೆ ಮಕ್ಕಳು ಓದಿ ಹೇಳಲಿ.

ಯೋಹಾನನು ಪತ್ಮೊಸ್ ದ್ವೀಪದಲ್ಲಿದ್ದಾಗ ಆಸ್ಯಸೀಮೆಯ ಏಳು ಸಭೆಗಳಿಗೆ ಕರ್ತನ ಮಾತನ್ನು ಬರೆದನಷ್ಟೆ. ಅವುಗಳಲ್ಲಿ ಸ್ಮುರ್ನದವರು ಬಡವರು, ಹಿಂಸೆಗೆ ಗುರಿಯಾದವರು. ಅವರ ಮೇಲೆ ಕರ್ತನು ಒಂದು ತಪ್ಪನ್ನೂ ಹೊರಿಸಲಿಲ್ಲ. ಲವೊದಿಕೀಯದವರಿಗೆ ಹಿಂಸೆಯಿತ್ತೆಂದು ಆ ಪತ್ರದಲ್ಲಿ ಒಂದು ಮಾತೂ ಇಲ್ಲ. ಉಣ್ಣುವದಕ್ಕೂ ಉಡುವದಕ್ಕೂ ಅವರಿಗೆ ಕೊರತೆಯಿರಲಿಲ್ಲ. ಆದಾಗ್ಯೂ ಏಳು ಸಭೆಗಳಲ್ಲಿ ಹೊಗಳಿಕೆಯ ಒಂದು ಮಾತನ್ನಾದರೂ ಪಡೆಯದೆ ಹೋದದ್ದು ಅದೇ ಸಭೆ. ಇದಕ್ಕೆ ಕಾರಣವೇನೆಂಬದನ್ನು ನಾವು ವಿಚಾರಿಸತಕ್ಕದ್ದು.

ಲವೊದಿಕೀಯವು ಈಗಿನ ತುರ್ಕಿ ದೇಶದಲ್ಲಿ ಪಾಳುಬಿದ್ದಿರುವ ಒಂದು ಪಟ್ಟಣ. ಆ ಕಾಲದಲ್ಲಿ ಅಲ್ಲಿ ಸಾಹುಕಾರರ ಹಣದ ವ್ಯವಹಾರ ದೊಡ್ಡದಾಗಿತ್ತು. ಅಲ್ಲಿಯ ಕುರಿಗಳ ಕಪ್ಪು ಉಣ್ಣೆಗೆ ದೂರದೂರದ ತನಕ ಹೆಸರಿತ್ತು. ಕ್ರಿಸ್ತಶಕ 60ರಲ್ಲಿ ಭೂಕಂಪವಾಗಿ ಊರು ನೆಲಸಮವಾದಾಗ, ಅವರು ರೋಮಿನ ಚಕ್ರವರ್ತಿಯ ಮುಂದೆ ಕೈಯೊಡ್ಡದೆ ತಮ್ಮ ಹಣದಿಂದಲೇ ಅದನ್ನು ತಿರಿಗಿ ಕಟ್ಟಿಕೊಂಡರೆಂದು ರೋಮಿನ ಇತಿಹಾಸಕಾರನಾದ ಟ್ಯಾಸಿಟಸನು ಬರೆದಿದ್ದಾನೆ. ಇಂಥ ಊರಿನವರು ತಮಗೆ ಯಾತರ ಕೊರತೆಯೂ ಇಲ್ಲವೆಂದುಕೊಂಡದ್ದು ಆಶ್ಚರ್ಯವಲ್ಲ.

ಆದರೆ ಒಂದು ಕೊರತೆ ಇತ್ತು. ಒಳ್ಳೆಯ ನೀರಿರಲಿಲ್ಲ. ಹತ್ತಿರದ ಹಿಯರಾಪೊಲಿಯಲ್ಲಿ ನೆಲದೊಳಗಿನಿಂದ ಬಿಸಿನೀರಿನ ಬುಗ್ಗೆಗಳು ಉಕ್ಕುತ್ತಿದ್ದವು. ಅವು ಇಂದಿಗೂ ಉಂಟು. ಕೈಕಾಲು ನೋವಿನವರು ಹೋಗಿ ಮೀಯುತ್ತಾರೆ. ಇನ್ನೊಂದು ಕಡೆಯ ಕೊಲೊಸ್ಸೆಯಲ್ಲಿ ಬೆಟ್ಟದಿಂದಿಳಿಯುವ ತಣ್ಣೀರು. ಲವೊದಿಕೀಯಕ್ಕೆ ಮಾತ್ರ ಕಲ್ಲಿನ ಕೊಳವೆಗಳಲ್ಲಿ ದೂರದಿಂದ ನೀರು ಬರಬೇಕಾಗಿತ್ತು. ಸುಣ್ಣದಂಥ ಮಡ್ಡಿ ಕಟ್ಟಿದ ಆ ಕೊಳವೆಗಳನ್ನು ಇಂದಿಗೂ ಅಲ್ಲಿ ನೋಡಬಹುದು. ಆ ನೀರು ಊರು ಮುಟ್ಟುವಷ್ಟರಲ್ಲಿ ಉಗುರುಬೆಚ್ಚಗಾಗಿರುತ್ತಿತ್ತೆಂದು ಅನೇಕ ಪಂಡಿತರ ಅಭಿಪ್ರಾಯ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿರಿ. ಬಿಸಿ ಎಂದರೆ ಭಕ್ತಿ, ತಣ್ಣಗೆ ಎಂದರೆ ಅಭಕ್ತಿ ಎಂದು ನಾವು ಸಾಮಾನ್ಯವಾಗಿ ಬೋಧಿಸುತ್ತೇವೆ. ನಾನೂ ಬಹಳ ವರುಷ ಹಾಗೆಯೇ ಬೋಧಿಸಿದೆನು. ಹಾಗಾದರೆ ತಣ್ಣಗಿದ್ದರೂ ಒಳ್ಳೇದಿತ್ತೆಂದು ಕರ್ತನು ಯಾಕೆ ಹೇಳಬೇಕು? ಬಿಸಿನೀರು ರೋಗಿಗೆ ಬೇಕು. ತಣ್ಣೀರು ಬಿಸಿಲಲ್ಲಿ ಎಡೆ ಹೊಡೆದು ಬಂದವನಿಗೆ ಬೇಕು. ಎರಡೂ ಒಬ್ಬರಿಗೆ ಉಪಯೋಗಕ್ಕೆ ಬರುವವು. ಉಗುರುಬೆಚ್ಚಗಿನದು ಯಾರಿಗೂ ಬೇಡ. ಲವೊದಿಕೀಯದ ವಿಶ್ವಾಸಿಗಳು ದೇವರನ್ನು ಅಲ್ಲಗಳೆದವರಲ್ಲ, ವಿಗ್ರಹಕ್ಕೆ ಅಡ್ಡಬಿದ್ದವರಲ್ಲ. ಅವರ ವಿಶ್ವಾಸದಿಂದ ನೆರೆಯವನಿಗೆ ಏನೂ ಆಗುತ್ತಿರಲಿಲ್ಲ, ಅಷ್ಟೇ. ಸುಖವು ನಮ್ಮ ಕೈಯಿಂದ ಸತ್ಯವೇದವನ್ನು ಕಸಿದುಕೊಳ್ಳುವದಿಲ್ಲ; ಆ ಸತ್ಯವೇದದೊಡನೆಯೇ ನಮ್ಮನ್ನು ಮನೆಯೊಳಗೆ ಕೂಡ್ರಿಸಿ ಬಾಗಿಲು ಹಾಕಿಕೊಳ್ಳುತ್ತದೆ.

ನಮ್ಮ ಸೀಮೆಯ ವಿಷಯಕ್ಕೆ ಬರುವೆನು. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಗೊಂಡರು. ಆ ದಿನಗಳಲ್ಲಿ ಕ್ರಿಸ್ತನನ್ನು ಒಪ್ಪಿಕೊಂಡವನಿಗೆ ಊರ ಬಾವಿ ಇಲ್ಲ, ಅಣ್ಣತಮ್ಮಂದಿರ ಪಂಕ್ತಿಯಿಲ್ಲ, ಕಸಬೂ ಕೈಬಿಡುವದು. ಆದಕಾರಣ ಮಿಶನಿನವರು ಮಗ್ಗಗಳನ್ನು ಹಾಕಿಸಿದರು. 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅದು ಬೇಕಾಗಿತ್ತು, ಅದನ್ನು ಹಳಿಯುವವನು ಹಸಿವನ್ನು ಅರಿಯದವನು. ಆದರೆ ಎಲ್ಲವನ್ನೂ ಮಿಶನ್ ನೋಡಿಕೊಳ್ಳುತ್ತದೆಂಬ ಒಂದು ಅಭ್ಯಾಸವೂ ಅದರ ಸಂಗಡ ನಮ್ಮಲ್ಲಿ ಬೆಳೆಯಿತು. 1914ರ ಮಹಾಯುದ್ಧದಲ್ಲಿ ಜರ್ಮನ್ ಅಯ್ಯನವರನ್ನು ಸೆರೆಯಲ್ಲಿಟ್ಟಾಗ ಆ ಆಸರೆ ಒಮ್ಮೆಲೆ ತಪ್ಪಿತು. ಅಭ್ಯಾಸವು ಅಷ್ಟು ಬೇಗ ತಪ್ಪಲಿಲ್ಲ.

ಕಿಟೆಲ್ ಅಯ್ಯನವರ ನಿಘಂಟನ್ನು ಕೇಳದವರಾರು? ಅದು ಅಚ್ಚಾದದ್ದು 1894ರಲ್ಲಿ. ಆದರೆ 1853ರಲ್ಲಿ ಇಪ್ಪತ್ತೊಂದು ವರುಷದ ಪ್ರಾಯದಲ್ಲಿ ಈ ನಾಡಿಗೆ ಬಂದಾಗ ಅವರ ಮನಸ್ಸಿನಲ್ಲಿದ್ದದ್ದು ಬೇರೆ. ಪೌಲನು ಯೆಹೂದ್ಯರಿಗೆ ಯೆಹೂದ್ಯನಂತಾದ ಹಾಗೆ ತಾವು ಕನ್ನಡಿಗರಿಗೆ ಕನ್ನಡಿಗರಾಗಬೇಕೆಂದು ಅವರು ಬಯಸಿದರು. ದೊರೆಗಳ ಹಾಗೆ ಬಂಗಲೆಯಲ್ಲಿ ಕೂಡ್ರದೆ ಹಳ್ಳಿಯಿಂದ ಹಳ್ಳಿಗೆ ಕಾಲ್ನಡೆಯಾಗಿ ಹೋದರು. ಇದು ಅವರ ಜೊತೆಯವರೆಲ್ಲರಿಗೂ ಹಿಡಿಸಲಿಲ್ಲ. ಎಷ್ಟೋ ಸಾವಿರ ಶಬ್ದಗಳನ್ನು ಕೂಡಿಸಿದ ಆ ಕಿವಿ ಜನರ ನಡುವೆ ತಯಾರಾಯಿತೆಂದು ನನಗೆ ತೋರುತ್ತದೆ.

ಇನ್ನೊಂದು ಮಾತು. ನಮ್ಮ ಸುತ್ತಲಿನ ಜನರು ಈ ವಿಷಯದಲ್ಲಿ ಅಜ್ಞಾನಿಗಳೆಂದು ತಿಳಿಯಬೇಡಿರಿ. ಬಂಕಾಪುರದ ಹತ್ತಿರದ ಬಾಡದ ಕನಕದಾಸರು ಅಧಿಕಾರವನ್ನು ಬಿಟ್ಟು ಹೊರಟವರೆಂದು ಇಲ್ಲಿಯ ಕುರಿಕಾಯುವ ಹುಡುಗನೂ ಬಲ್ಲನು. ಶಿಶುವಿನಹಾಳದ ಷರೀಫರು ಶಾಲೆಯ ಮಾಸ್ತರಿಕೆ ಬಿಟ್ಟರು. ಹುಲಗೂರಿನ ದರ್ಗಾಕ್ಕೆ ಹರಕೆ ಹೊತ್ತು ಬರುವವರನ್ನು ನಾವು ದಿನಾಲು ಕಾಣುತ್ತೇವೆ. ದೇವರನ್ನು ಹುಡುಕುವವನು ಏನನ್ನಾದರೂ ಬಿಟ್ಟಿರಬೇಕೆಂಬ ಅಳತೆಗೋಲು ಈ ಜನರ ಕೈಯಲ್ಲಿದೆ. ಅದರಿಂದಲೇ ನಮ್ಮನ್ನೂ ಅಳೆಯುತ್ತಾರೆ.

ಈಗ ನನ್ನ ತಪ್ಪನ್ನು ಹೇಳಬೇಕು. ಎರಡು ವರುಷದ ಕೆಳಗೆ ಆಷಾಢದ ಒಂದು ರಾತ್ರಿ, ಹುಲಗೂರಿನಿಂದ ಒಂದು ಹರದಾರಿಯ ಹಳ್ಳಿಯಲ್ಲಿರುವ ನಮ್ಮ ಸಭೆಯ ಒಬ್ಬ ವಿಧವೆಗೆ ಚಳಿಜ್ವರ ಹೆಚ್ಚಾಗಿದೆ, ಬಂದು ಪ್ರಾರ್ಥನೆ ಮಾಡಬೇಕೆಂದು ಆಕೆಯ ಮಗನು ಫೋನಿನಲ್ಲಿ ಕರೆದನು. ಮಳೆ ಹಿಡಿದಿತ್ತು. ಎರೆಮಣ್ಣಿನ ದಾರಿಯಲ್ಲಿ ಮೋಟಾರ್ ಸೈಕಲ್ಲಿನ ಗಾಲಿ ಕೆಸರು ಕಟ್ಟಿ ತಿರುಗುವದಿಲ್ಲ. ನಡೆದು ಹೋಗಬಹುದಾಗಿತ್ತು. ನನ್ನ ತಂದೆಯವರಾಗಿದ್ದರೆ ಹೆಗಲ ಮೇಲೆ ಕಂಬಳಿಯ ಕೊಪ್ಪೆ ಹಾಕಿಕೊಂಡು ಹೊರಡುತ್ತಿದ್ದರು. ನಾನು ಹೊಸದಾಗಿ ಹಾಕಿಸಿದ ಸ್ಲ್ಯಾಬಿನ ಕೆಳಗೆ ಬೆಚ್ಚಗೆ ಕೂತು ಫೋನಿನಲ್ಲಿಯೇ ಪ್ರಾರ್ಥಿಸಿ, ಮುಂಜಾನೆ ಬರುವೆನೆಂದು ಹೇಳಿ ಮಲಗಿದೆನು. ಪ್ರಾರ್ಥನೆ ಉದ್ದವಾಗಿಯೇ ಇತ್ತು, ಶಬ್ದಗಳಿಗೆ ಕೊರತೆಯಿರಲಿಲ್ಲ.

ಮುಂಜಾನೆ ಹೋದೆನು. ದೇವರ ದಯದಿಂದ ಜ್ವರ ಇಳಿದಿತ್ತು. ಹಾಸಿಗೆಯ ಬದಿಯಲ್ಲಿ ನೆರೆಮನೆಯ ಮುದುಕಿಯೊಬ್ಬಳು ಕೂತಿದ್ದಳು, ನಮ್ಮ ಸಭೆಯವಳಲ್ಲ. ರಾತ್ರಿಯೆಲ್ಲಾ ನೀರು ಕಾಸಿ, ಬಟ್ಟೆ ಅದ್ದಿ ಹಿಂಡಿ, ನಡುಗುವ ಕಾಲುಗಳಿಗೆ ಶಾಖ ಕೊಟ್ಟವಳು ಅವಳೇ. ನನ್ನನ್ನು ಕಂಡು ಎದ್ದು ಚಾಪೆ ಹಾಸಿ, “ಬರ್ರೀ ಉಪದೇಶಕರ, ರಾತ್ರಿ ಭಾಳ ಮಳಿ ಇತ್ತಲ್ರೀ, ನೀವರ ಹೆಂಗ ಬರಬೇಕು” ಎಂದಳು. ಅವಳ ಮಾತಿನಲ್ಲಿ ಚುಚ್ಚು ಇರಲಿಲ್ಲ. ಒಲೆಯ ಮೇಲೆ ಬಿಸಿನೀರಿನ ಗಡಿಗೆ ಇನ್ನೂ ಇತ್ತು. ಲವೊದಿಕೀಯದ ಪತ್ರದ ಅರ್ಥ ನನಗೆ ತಿಳಿದದ್ದು ಸೆಮಿನೆರಿಯ ಪುಸ್ತಕಗಳಿಂದಲ್ಲ, ಆ ಗಡಿಗೆಯಿಂದ.

ಆ ಭಾನುವಾರ ಇದನ್ನು ಸಭೆಯ ಮುಂದೆ ಹೇಳಿಕೊಂಡೆನು. ಕೆಲವರಿಗೆ ಮುಜುಗರವಾಯಿತು, ಉಪದೇಶಕನು ಹೀಗೆಲ್ಲಾ ಹೇಳಬಾರದೆಂದು ಒಬ್ಬ ಹಿರಿಯರು ಬುದ್ಧಿ ಹೇಳಿದರು. ಕಡೆಗೆ ತಿಂಗಳ ಮೊದಲನೆಯ ಭಾನುವಾರ ಆರಾಧನೆಯಾದ ಮೇಲೆ ನಾವು ನಡೆದುಕೊಂಡೇ ಒಂದು ಹಳ್ಳಿಗೆ ಹೋಗಿ, ಅಲ್ಲಿ ಮಲಗಿದವರು ಯಾರೇ ಇರಲಿ, ಯಾವ ಮತದವರೇ ಇರಲಿ, ಅವರ ಬಳಿ ಸ್ವಲ್ಪ ಹೊತ್ತು ಕೂತು, ನೀರು ತರುವದಿದ್ದರೆ ನೀರು, ಔಷಧ ತರುವದಿದ್ದರೆ ಔಷಧ ತಂದುಕೊಟ್ಟು ಬರಬೇಕೆಂದು ನಿಶ್ಚಯಿಸಿಕೊಂಡೆವು. ಮೊದಲನೆಯ ಸಾರಿ ಒಂಬತ್ತು ಮಂದಿ ಹೊರಟರು. ಭಾದ್ರಪದದಲ್ಲಿ ನಾಲ್ವರಾದರು, ಅವರಲ್ಲಿ ಒಬ್ಬನು ಚಪ್ಪಲಿ ಕಿತ್ತಿತೆಂದು ಹಳ್ಳದ ಬಳಿಯಿಂದ ಹಿಂದಿರುಗಿದನು. ಬರುವ ತಿಂಗಳೂ ಹೊರಡುವೆವು. ಜೋಳದ ರೊಟ್ಟಿಯ ಬುತ್ತಿ ಕಟ್ಟಿಕೊಂಡು ಬರತಕ್ಕದ್ದು. ಯಾರ ಮನೆಯಲ್ಲಿಯೂ ಊಟವನ್ನು ಬಯಸಬಾರದು.