ವೆಬ್‌ಸ್ಟರ್ ಎಂಬ ಮನೆತನದ ಹೆಸರು

ಇಂಗ್ಲಿಷ್ ನಿಘಂಟನ್ನು ಬಳಸಿದವರಿಗೆ ವೆಬ್‌ಸ್ಟರ್ ಎಂಬ ಹೆಸರು ಹೊಸದಲ್ಲ. ಅಮೆರಿಕಾ ದೇಶದ ಪಂಡಿತರಾದ ನೋವಾ ವೆಬ್‌ಸ್ಟರರು 1828ರಲ್ಲಿ ತಮ್ಮ ದೊಡ್ಡ ನಿಘಂಟನ್ನು ಪ್ರಕಟಿಸಿದರು. ಆದರೆ ಈ ಮನೆತನದ ಹೆಸರಿನೊಳಗೆ ಮಗ್ಗದ ಮುಂದೆ ಕುಳಿತ ಹೆಂಗಸೊಬ್ಬಳು ಅಡಗಿದ್ದಾಳೆಂಬುದನ್ನು ಬಲ್ಲವರು ವಿರಳ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದುಕೊಳ್ಳುವುದಕ್ಕೆ ಮುಂಚೆ ಅಲ್ಲಿಯ ಸಾಮಾನ್ಯ ಜನರಿಗೆ ವಂಶಪಾರಂಪರ್ಯವಾದ ಹೆಸರುಗಳಿರಲಿಲ್ಲ. ತರುವಾಯದ ಶತಮಾನಗಳಲ್ಲಿ ಅವು ಮೆಲ್ಲಮೆಲ್ಲನೆ ನೆಲೆಗೊಂಡವು. ಕೆಲವು ಊರಿನಿಂದಲೂ, ಕೆಲವು ತಂದೆಯ ಹೆಸರಿನಿಂದಲೂ, ಕೆಲವು ಕಸುಬಿನಿಂದಲೂ ಬಂದವು. ಸ್ಮಿತ್ ಎಂದರೆ ಕಮ್ಮಾರ. ಟೇಲರ್ ಎಂದರೆ ಸಿಂಪಿಗ.

ನಮ್ಮ ಭಾಷೆಯಲ್ಲಿ ಅಗಸ, ಅಗಸಗಿತ್ತಿ. ಹೂವಾಡಿಗ, ಹೂವಾಡಗಿತ್ತಿ ಎಂಬ ಭೇದವುಂಟಷ್ಟೆ. ಹಳೆಯ ಇಂಗ್ಲಿಷಿನಲ್ಲಿಯೂ ಹಾಗೆಯೇ ಕೆಲಸಮಾಡುವ ಸ್ತ್ರೀಯನ್ನು ಸೂಚಿಸುವುದಕ್ಕೆ 'ಎಸ್ತ್ರೆ' ಎಂಬ ಪ್ರತ್ಯಯವಿದ್ದಿತು. ನೇಯುವವನು 'ವೆಬ್ಬ', ನೇಯುವವಳು 'ವೆಬ್ಬೆಸ್ತ್ರೆ'. ಮೊದಲನೆಯದರಿಂದ ವೆಬ್ ಎಂಬ ಹೆಸರೂ, ಎರಡನೆಯದರಿಂದ ವೆಬ್‌ಸ್ಟರ್ ಎಂಬ ಹೆಸರೂ ಹುಟ್ಟಿದವು. ಹೀಗೆಯೇ ರೊಟ್ಟಿ ಸುಡುವವಳಿಂದ ಬ್ಯಾಕ್ಸ್‌ಟರ್, ಪಾನೀಯವಾದ ಏಲನ್ನು ಕಾಯಿಸುವವಳಿಂದ ಬ್ರೂಸ್ಟರ್.

ಆದರೂ ವೆಬ್‌ಸ್ಟರ್ ಮನೆತನಗಳೆಲ್ಲಕ್ಕೂ ಮೂಲಪುರುಷನ ಬದಲು ಮೂಲಸ್ತ್ರೀಯೇ ಇದ್ದಳೆಂದು ನಿರ್ಣಯಿಸಲಾಗದು. ಮಧ್ಯಯುಗದಲ್ಲಿ, ಮುಖ್ಯವಾಗಿ ಉತ್ತರ ಇಂಗ್ಲೆಂಡಿನಲ್ಲಿ, ಈ ಪ್ರತ್ಯಯವನ್ನು ಗಂಡಸರಿಗೂ ಬಳಸಿದರು. ಆದರೆ ಹೆಂಗಸರು ಆ ಕಸುಬುಗಳನ್ನು ಮಾಡದೆ ಇದ್ದಿದ್ದರೆ ಇಂಥ ಶಬ್ದಗಳು ಹುಟ್ಟುತ್ತಲೇ ಇರಲಿಲ್ಲ. 1300ರ ಸುಮಾರಿಗೆ ಏಲನ್ನು ಕಾಯಿಸುವ ಕೆಲಸವು ಬಹುಮಟ್ಟಿಗೆ ಸ್ತ್ರೀಯರ ಕೈಯಲ್ಲಿದ್ದಿತು. ವ್ಯಾಪಾರವು ದೊಡ್ಡದಾಗಿ, ಹೆಚ್ಚು ಬಂಡವಾಳವು ಬೇಕಾದಂತೆ, ಅದು ಗಂಡಸರ ವಶವಾಯಿತು. ಹೆಸರು ಮಾತ್ರ ಉಳಿಯಿತು.

ಇದೇ ಪ್ರತ್ಯಯದ ಇನ್ನೊಂದು ಶಬ್ದವು 'ಸ್ಪಿನ್‌ಸ್ಟರ್'. ಇದರ ಮೂಲಾರ್ಥವು ನೂಲುವವಳು ಎಂದು. 17ನೆಯ ಶತಮಾನದಲ್ಲಿ ಇದು ಮದುವೆಯಾಗದ ಸ್ತ್ರೀಯನ್ನು ಸೂಚಿಸುವ ಕಾನೂನಿನ ಶಬ್ದವಾಯಿತು. ಬರಬರುತ್ತಾ ಹಾಸ್ಯದ ಮಾತೂ ಆಯಿತು. ಇಂಗ್ಲೆಂಡು ಮತ್ತು ವೇಲ್ಸ್‌ನ ವಿವಾಹದ ದಾಖಲೆಗಳಲ್ಲಿ 2005ರಲ್ಲಿ ಅದನ್ನು ಕೈಬಿಟ್ಟರು. ದುಡಿಮೆಯಿಂದ ಹುಟ್ಟಿದ ಶಬ್ದದಲ್ಲಿ ದುಡಿಮೆಯೇ ಮರೆತುಹೋದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕೆ?

ಮಗಳನ್ನು ಶಾಲೆಗೆ ಸೇರಿಸುವಾಗ ತಾಯಿಯ ಉದ್ಯೋಗವೇನೆಂದು ಕೇಳಿದರೆ, 'ಏನೂ ಇಲ್ಲ' ಎಂದು ಬರೆಸುವವರು ಈಗಲೂ ಉಂಟು. ಹೊಲದಲ್ಲಿ ಕಳೆ ಕೀಳುವವಳೂ, ಹಸು ಕಟ್ಟಿ ಹಾಲು ಮಾರುವವಳೂ, ಬಟ್ಟೆ ಹೊಲಿಯುವವಳೂ ಈ 'ಏನೂ ಇಲ್ಲ'ದೊಳಗೆ ಸೇರಿಹೋಗುತ್ತಾರೆ. ನಮ್ಮ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಆ ಅಂಕಣವನ್ನು ತುಂಬುವಾಗ ಒಂದು ಕ್ಷಣ ಯೋಚಿಸಿ, ಇದ್ದುದನ್ನು ಇದ್ದಂತೆಯೇ ಬರೆಯಿಸಬೇಕೆಂದು ಕೋರುತ್ತೇನೆ.